ಶಾವಿಗೆ ಒರಳಿಗೊಂದು ಫೈನಲ್ ಇಯರ್ ಪ್ರಾಜೆಕ್ಟ್

ಏಳನೇ ಸೆಮ್ ಶುರುವಾಯ್ತು ಅಂದ್ರೆ ಕಾರಿಡಾರ್‌ನಲ್ಲಿ ಒಂದೇ ಪ್ರಶ್ನೆ: "ಪ್ರಾಜೆಕ್ಟ್ ಟೈಟಲ್ ಸಿಕ್ತಾ?" ಗಮನಿಸಿ, "ಪ್ರಾಬ್ಲಮ್ ಸಿಕ್ತಾ?" ಅಂತ ಯಾರೂ ಕೇಳಲ್ಲ. ಟೈಟಲ್ ಸಿಕ್ಕಿದ್ರೆ ಸಾಕು, ಉಳಿದಿದ್ದೆಲ್ಲ ಹೇಗೋ ಆಗುತ್ತೆ. ಹೇಗೆ ಆಗುತ್ತೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ರಿಪೋರ್ಟ್ ಸಮೇತ ರೆಡಿ ಮಾಡಿ ಕೊಡೋ ಅಂಗಡಿಗಳ ವಿಷಯ ಇಲ್ಲಿ ಬೇಡ.

ನಾನು ಹೇಳೋದು ಇಷ್ಟೇ. ಈ ವರ್ಷ ನಮ್ಮ ಮೆಕ್ಯಾನಿಕಲ್‌ನ ಯಾವುದಾದರೂ ಒಂದು ಬ್ಯಾಚ್ ಶಾವಿಗೆ ಒರಳನ್ನು ಪ್ರಾಜೆಕ್ಟ್ ಆಗಿ ತಗೋಬೇಕು. ನಗಬೇಡಿ. ನಾನು ಈ ಮಾತನ್ನ ಕ್ಯಾಂಟೀನಲ್ಲಿ ಎತ್ತಿದಾಗ ಟೇಬಲ್ಲಿನ ಆರು ಜನರಲ್ಲಿ ಐದು ಜನ ನಕ್ಕರು. ಆರನೆಯವನು ಬಾಗಲಕೋಟೆ ಕಡೆಯವನು, ನನ್ನ ರೂಮ್‌ಮೇಟ್. ಅವನು ನಗಲಿಲ್ಲ, ಜಗಳಕ್ಕೇ ಬಂದ. "ಶ್ಯಾವಿಗಿಗೆ ಒರಳ್ಯಾಕೋ? ಶ್ಯಾವಿಗಿಗೆ ಮಣಿ ಬೇಕು!"

ಅವನ ಮಾತೂ ಸರಿಯೇ. ಉತ್ತರ ಕರ್ನಾಟಕದಲ್ಲಿ ಶಾವಿಗೆ ಅಂದರೆ ಗೋಧಿಯದು. ಬೇಸಿಗೆಯಲ್ಲಿ ನಾಲ್ಕಾರು ಮನೆ ಹೆಣ್ಣುಮಕ್ಕಳು ಸೇರಿ, ಗೀರು ಕೊರೆದ ಉದ್ದನೆ ಮರದ ಮಣೆಯನ್ನ ಓರೆಯಾಗಿ ಇಟ್ಟು, ಚೆನ್ನಾಗಿ ನಾದಿದ ಹಿಟ್ಟನ್ನ ಅಂಗೈಯಲ್ಲಿ ಉಜ್ಜುತ್ತಾ ಹೋಗ್ತಾರೆ. ಗೀರಿನಲ್ಲಿ ಎಳೆ ಇಳಿಯುತ್ತೆ, ಕೆಳಗೆ ಕೂತವರು ಅದನ್ನ ಹಿಡಿದು ಬಿಸಿಲಲ್ಲಿ ಕೋಲಿನ ಮೇಲೆ ಇಳಿಬಿಡ್ತಾರೆ. ಒಣಗಿದ ಮೇಲೆ ವರ್ಷಗಟ್ಟಲೆ ಡಬ್ಬಿಯಲ್ಲಿ. ಬೇಕಾದಾಗ ಕುದಿಸಿ, ಬಸಿದು, ಬೆಲ್ಲ ಹಾಲು ತುಪ್ಪ ಹಾಕ್ಕೊಂಡು ಊಟ. ನಮ್ಮ ಮಲೆನಾಡಿನಲ್ಲಿ ಶಾವಿಗೆ ಅಂದರೆ ಅಕ್ಕಿಯದು, ಒತ್ತು ಶಾವಿಗೆ. ಅದನ್ನ ಒಣಗಿಸಿ ಇಡೋ ಪ್ರಶ್ನೆಯೇ ಇಲ್ಲ, ಒತ್ತಿದ ದಿನವೇ ತಿಂದು ಮುಗೀಬೇಕು. ಅದನ್ನ ಮೊದಲ ಸಲ ನಮ್ಮ ಮನೇಲಿ ತಿಂದಾಗ ಅವನು ಕೊಟ್ಟ ಸರ್ಟಿಫಿಕೇಟ್: "ಚಲೋ ಐತಿ ಬಿಡು, ಆದ್ರ ಇದು ಶ್ಯಾವಿಗಿ ಅಲ್ಲ. ಇಡ್ಲಿನ ಉದ್ದ ಮಾಡೀರಿ."

ಒಂದೇ ಹೆಸರು, ಎರಡು ಪದಾರ್ಥ, ಎರಡು ಯಂತ್ರ. ಕೊಡಗಿಗೆ ಹೋದರೆ ಅದೇ ಅಕ್ಕಿ ಎಳೆ ನೂಪುಟ್ಟು ಆಗಿ ಕೋಳಿ ಸಾರಿನ ಜೊತೆ ಬರುತ್ತೆ. ಕರಾವಳಿಯಲ್ಲಿ ಸೇಮಿಗೆ ಅಂತಾರೆ, ಬೆಲ್ಲ ಹಾಕಿದ ಕಾಯಿಹಾಲು ಸುರಿದು ಕೊಡ್ತಾರೆ. ಹಳೇ ಮೈಸೂರಲ್ಲಿ ಗಸಗಸೆ ಪಾಯಸ. ಇಷ್ಟನ್ನೂ ಬಿಟ್ಟು ನಮ್ಮ ಫೆಸ್ಟಿನ ಫುಡ್ ಸ್ಟಾಲಿನಲ್ಲಿ ಯಾರೋ ಇದಕ್ಕೆ "ಇಂಡಿಯನ್ ನೂಡಲ್ಸ್" ಅಂತ ಬೋರ್ಡ್ ಹಾಕಿದ್ದರು. ಸಾವಿರ ವರ್ಷದ ಹೆಸರಿರೋ ತಿಂಡಿಗೆ ಬೇರೆಯವರ ಹೆಸರಿನ ಲೇಬಲ್ ಯಾಕೆ ಬೇಕು ಅಂತ ನನಗೆ ಅರ್ಥ ಆಗಲ್ಲ.

ಸಾವಿರ ವರ್ಷ ಅಂದಿದ್ದು ಸುಮ್ಮನೆ ಬಾಯಿಗೆ ಬಂದಿದ್ದಲ್ಲ. ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 'ಲೋಕೋಪಕಾರ' ಅಂತ ಒಂದು ಕನ್ನಡ ಗ್ರಂಥ ಬರೆದ. ಜನಸಾಮಾನ್ಯರಿಗೆ ಬೇಕಾದ ವಿಷಯಗಳ ಒಂದು ಕೈಪಿಡಿ ಅದು. ಬಾವಿಗೆ ನೀರು ಎಲ್ಲಿ ಸಿಗುತ್ತೆ ಅನ್ನೋದರಿಂದ ಹಿಡಿದು ಗಿಡಮರದ ಆರೈಕೆ, ಅಡುಗೆ ತನಕ ಎಲ್ಲಾ ಇದೆ. ಅದರಲ್ಲಿ ಶಾವಿಗೆ ಮಾಡೋ ವಿಧಾನವೂ ಇದೆ, ಅದನ್ನ ಒತ್ತೋ ಅಚ್ಚಿನ ಪ್ರಸ್ತಾಪವೂ ಇದೆ ಅಂತ ಆಹಾರ ಇತಿಹಾಸ ಬರೆದವರು ಹೇಳ್ತಾರೆ. ಅಂದರೆ ಕನ್ನಡದಲ್ಲಿ ಎಕ್ಸ್‌ಟ್ರೂಶನ್ ಬಗ್ಗೆ ಬರೆದು ಸಾವಿರ ವರ್ಷ ಆಯ್ತು. ನಾವು ಅದನ್ನ ಐದನೇ ಸೆಮ್ಮಿನಲ್ಲಿ ಇಂಗ್ಲಿಷ್ ಟೆಕ್ಸ್ಟ್‌ಬುಕ್ಕಿನ ಅಲ್ಯೂಮಿನಿಯಂ ಬಿಲ್ಲೆಟ್ ಚಿತ್ರ ನೋಡಿ ಕಲಿತೆವು. ಪಿಸ್ಟನ್ನು, ಸಿಲಿಂಡರು, ಡೈ. ಮನೆಯ ಅಟ್ಟದ ಮೇಲೆ ಇರೋದೂ ಅದೇ ಮೂರು.

ಇಲ್ಲಿ ಒಂದು ಎಚ್ಚರಿಕೆ. ಇದನ್ನ ಓದಿ "ನೋಡಿದ್ರಾ, ನೂಡಲ್ಸ್ ಕಂಡುಹಿಡಿದಿದ್ದೂ ನಾವೇ" ಅಂತ ವಾಟ್ಸಾಪಲ್ಲಿ ಹಂಚಬೇಡಿ. ಚೀನಾದ ಲಾಜಿಯಾ ಅನ್ನೋ ಜಾಗದಲ್ಲಿ ಮಣ್ಣಿನಡಿ ಮಗುಚಿ ಬಿದ್ದ ಬಟ್ಟಲೊಂದರ ಕೆಳಗೆ ಸುಮಾರು 4000 ವರ್ಷ ಹಳೆಯ ಎಳೆಗಳು ಸಿಕ್ಕಿದ ವರದಿ 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅವು ಸಿರಿಧಾನ್ಯದವು ಅಂತ ಆ ತಂಡ ಹೇಳಿತು. ಅಂಟೇ ಇಲ್ಲದ ಸಿರಿಧಾನ್ಯದಲ್ಲಿ ಅಷ್ಟುದ್ದದ ಎಳೆ ಹೇಗೆ ಬಂತು ಅಂತ ಬೇರೆಯವರು ವಾದಕ್ಕೆ ಇಳಿದರು. ಇನ್ನು ಮಾರ್ಕೋ ಪೋಲೋ ಚೀನಾದಿಂದ ಇಟಲಿಗೆ ಪಾಸ್ತಾ ತಂದ ಅನ್ನೋ ಕತೆ ಇದೆಯಲ್ಲ, ಅದೂ ನಿಲ್ಲಲ್ಲ. ಅವನು ವಾಪಸ್ ಬಂದಿದ್ದು 1295ರಲ್ಲಿ. ಅಲ್-ಇದ್ರೀಸಿ ಅನ್ನೋ ಭೂಗೋಳಶಾಸ್ತ್ರಜ್ಞ 1154ರಷ್ಟು ಹೊತ್ತಿಗೇ ಸಿಸಿಲಿಯ ಟ್ರಾಬಿಯಾ ಊರಲ್ಲಿ 'ಇತ್ರಿಯಾ' ಎಂಬ ಒಣ ಎಳೆಗಳನ್ನ ಮಾಡಿ ಹಡಗಿಗೆ ತುಂಬಿ ಕಳಿಸ್ತಾರೆ ಅಂತ ಬರೆದಿಟ್ಟಿದ್ದಾನೆ. ಹಿಟ್ಟನ್ನ ಎಳೆ ಮಾಡೋ ಆಸೆ ಯಾವ ಒಂದು ಊರಿನ ಸ್ವತ್ತೂ ಅಲ್ಲ.

ಆದರೆ ಹೆಸರು ಇಡೋದರಲ್ಲಿ ಎಲ್ಲರ ತಲೆಯೂ ಒಂದೇ ಥರ ಓಡಿದೆ. ಇಟಲಿಯವರ ವರ್ಮಿಚೆಲ್ಲಿ ಅಂದರೆ ಪುಟ್ಟ ಹುಳುಗಳು. ತಿನ್ನೋ ವಸ್ತುವಿಗೆ ಇಂಥ ಹೆಸರಿಡೋ ಧೈರ್ಯ ಅವರಿಗೇ ಸೇರಿದ್ದು. ಅದಕ್ಕಿಂತ ತೆಳ್ಳಗಿನದಕ್ಕೆ ದೇವದೂತನ ಕೂದಲು ಅಂತ ಕರೆದು ಪಾಪ ಕಳ್ಕೊಂಡರು. ಅರಬ್ಬಿಯ ಶಾರಿಯಾ ಅನ್ನೋ ಪದದ ಹಿಂದೆಯೂ ಕೂದಲೇ ಇದೆ. ಚೀನೀಯರಿಗೆ ಡ್ರ್ಯಾಗನ್ ಗಡ್ಡ. ಜಪಾನಿನ ಪಾರದರ್ಶಕ ಪಿಷ್ಟದ ಎಳೆಗೆ ಹಾರುಸಾಮೆ, ಅಂದರೆ ವಸಂತದ ಮಳೆ. ಸಾರ್ಡೀನಿಯಾ ದ್ವೀಪದವರು ಸು ಫಿಲಿಂದೆವು, ದೇವರ ದಾರ ಅಂದರು. ನಮ್ಮ ಕೊಡಗಿನ ನೂಪುಟ್ಟಿನಲ್ಲೂ ನೂಲು ಇದೆ ನೋಡಿ.

ಈ ದೇವರ ದಾರದ ಲೆಕ್ಕ ನನಗೆ ಬಹಳ ಇಷ್ಟ. ನುವೊರೊ ಊರಿನ ಕೆಲವೇ ಹೆಂಗಸರಿಗೆ ಬರೋ ವಿದ್ಯೆ ಅದು. ಹಿಟ್ಟನ್ನ ಕೈಯಲ್ಲಿ ಎಳೆದು ಮಡಿಚಿ, ಎಳೆದು ಮಡಿಚಿ, ಎಂಟು ಸಲ. ಎರಡರ ಎಂಟನೇ ಘಾತ 256 ಎಳೆ. ಅದನ್ನ ಮೂರು ಪದರ ಅಡ್ಡಡ್ಡ ಹರಡಿ ಒಣಗಿಸಿದರೆ ಬಟ್ಟೆ ನೇಯ್ದ ಹಾಗೆ ಕಾಣುತ್ತೆ. ಆಮೇಲೆ ಮುರಿದು ಕುರಿ ಮಾಂಸದ ಸಾರಿಗೆ ಹಾಕಿ ಲೂಲಾ ಊರಿನ ಜಾತ್ರೆಗೆ ಬರೋ ಯಾತ್ರಿಕರಿಗೆ ಬಡಿಸ್ತಾರೆ. ಚೀನಾದ ಕೈ ಎಳೆತವೂ ಇದೇ ಗಣಿತ. ಹಿಟ್ಟಿನ ಗಾತ್ರ ಬದಲಾಗಲ್ಲ, ಪ್ರತಿ ಸಲ ಅದೇ ಉದ್ದಕ್ಕೆ ಎಳೆದರೆ ಅಡ್ಡಕೊಯ್ತ ಅರ್ಧ ಆಗುತ್ತೆ, ಅಂದರೆ ವ್ಯಾಸ ಎರಡರ ವರ್ಗಮೂಲದಷ್ಟು ಇಳಿಯುತ್ತೆ. 4 ಸೆಂಟಿಮೀಟರ್ ದಪ್ಪದ ಹಿಟ್ಟಿನ ಹಗ್ಗ ಹನ್ನೆರಡು ಮಡಿಕೆಗೆ 4096 ಎಳೆ ಆಗಿ, ಒಂದೊಂದು ಎಳೆ ಸುಮಾರು 0.6 ಮಿಲಿಮೀಟರ್‌ಗೆ ಇಳಿಯುತ್ತೆ. ಡೈ ಬೇಡ, ಪಿಸ್ಟನ್ ಬೇಡ.

ಹಾಗಾದರೆ ಅಕ್ಕಿಯಲ್ಲೂ ಎಳೀಬಹುದಲ್ಲ? ಆಗಲ್ಲ. ಮಲೆನಾಡಿಗೆ ಒರಳು ಯಾಕೆ ಬೇಕಾಯ್ತು ಅನ್ನೋದರ ಗುಟ್ಟು ಇಲ್ಲೇ ಇದೆ. ಗೋಧಿಯಲ್ಲಿ ಗ್ಲೂಟೆನ್ ಇದೆ. ನೀರು ಹಾಕಿ ನಾದಿದರೆ ಅದು ಬಲೆ ಥರ ಹೆಣೆದುಕೊಂಡು ಎಳೆದರೂ ಹರಿಯದೆ ಹಿಗ್ಗುತ್ತೆ. ಅದಕ್ಕೇ ಗೋಧಿಯನ್ನ ಎಳೆಯಬಹುದು, ಮಣೆ ಮೇಲೆ ಉಜ್ಜಬಹುದು, ಲಟ್ಟಿಸಿ ಕತ್ತರಿಸಬಹುದು. ಅಕ್ಕಿಯಲ್ಲಿ ಆ ಬಲೆ ಇಲ್ಲ. ಅಕ್ಕಿಗೆ ಇರೋ ಒಂದೇ ದಾರಿ ಪಿಷ್ಟವನ್ನ ಬೇಯಿಸಿ ಅಂಟು ಮಾಡೋದು. ಅದಕ್ಕೇ ನೆನೆಸಿದ ಅಕ್ಕಿಯನ್ನ ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಗೊಟಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ತಣ್ಣಗಾದರೆ ಅಮೈಲೋಸ್ ಸರಪಳಿಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಉಂಡೆ ಗಟ್ಟಿಯಾಗುತ್ತೆ, ಆಮೇಲೆ ಭೀಮ ಬಂದು ಒತ್ತಿದರೂ ತೂತಲ್ಲಿ ಇಳಿಯಲ್ಲ. "ಬೇಗ ಬೇಗ, ಆರೋಯ್ತು" ಅಂತ ಅಜ್ಜಿ ಕೂಗೋದು ರೆಟ್ರೋಗ್ರೇಡೇಶನ್‌ಗೆ ಹೆದರಿ. ಹೊಸ ಅಕ್ಕಿ ಬೇಡ, ಹಳೇ ಅಕ್ಕಿ ತಗೊಂಡು ಬಾ ಅನ್ನೋದೂ, ಅಂಟಂಟಾಗೋ ಅಕ್ಕಿ ಆಗಲ್ಲ ಅನ್ನೋದೂ ಇದೇ ಶಾಸ್ತ್ರ. ಅಮೈಲೋಸ್ ಜಾಸ್ತಿ ಇದ್ದರೆ ಎಳೆ ಬಿಡಿಬಿಡಿಯಾಗಿ ನಿಲ್ಲುತ್ತೆ.

ವಿಯೆಟ್ನಾಮಿನ ಬುನ್ ಕೂಡ ಇದೇ ಕುಟುಂಬದ್ದು. ಅಕ್ಕಿಯ ಎಳೆ, ಬಿಳಿ ಬಣ್ಣ, ಹಸಿಯಾಗೇ ಮಾರಾಟ. ನಾವು ಅದೇ ಎಳೆಗೆ ಕಾಯಿಹಾಲು ಸುರಿದರೆ ಅವರು ಸುಟ್ಟ ಹಂದಿ ಮಾಂಸ, ಹುಳಿ-ಸಿಹಿ ಮೀನಿನ ಸಾಸು, ಒಂದು ಬುಟ್ಟಿ ಸೊಪ್ಪು ಇಟ್ಟು ಬುನ್ ಚಾ ಅಂತಾರೆ. 2016ರಲ್ಲಿ ಹನೋಯ್‌ನ ಒಂದು ಸಣ್ಣ ಹೋಟೆಲಿನ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಬರಾಕ್ ಒಬಾಮ, ಆಂಥೊನಿ ಬೋರ್ಡೇನ್ ಜೊತೆ ತಿಂದಿದ್ದು ಇದನ್ನೇ. ತೈವಾನಿನ ಶಿನ್‌ಚೂ ಊರಲ್ಲಿ ಅಕ್ಕಿ ಎಳೆಯನ್ನ ಒಣಗಿಸೋಕೆ ಅಲ್ಲಿನ ಗಾಳಿಯನ್ನೇ ನೆಚ್ಚಿಕೊಂಡರು, ಊರಿಗೆ ಅದರಿಂದಲೇ ಹೆಸರು ಬಂತು.

ಒಣ ಎಳೆ ಹೋದ ಕಡೆಯೆಲ್ಲ ಇನ್ನೊಂದು ತಂತ್ರವೂ ಜೊತೆಗೆ ಹೋಗಿದೆ. ಹುರಿಯೋದು. ನಮ್ಮಮ್ಮ ಶಾವಿಗೆ ಉಪ್ಪಿಟ್ಟಿಗೆ ಮೊದಲು ಕೆಂಪಗೆ ಹುರೀತಾರೆ. ತುರ್ಕಿ, ಈಜಿಪ್ಟ್‌ಗಳಲ್ಲಿ ಬೆಣ್ಣೆಯಲ್ಲೋ ತುಪ್ಪದಲ್ಲೋ ಶಾವಿಗೆ ಚೂರುಗಳನ್ನ ಕಂದು ಬಣ್ಣ ಬರೋ ತನಕ ಹುರಿದು, ಅದರ ಮೇಲೆ ಅಕ್ಕಿ ಹಾಕಿ ಅನ್ನ ಮಾಡ್ತಾರೆ. ಅರಬ್ಬರಿಂದ ಸ್ಪೇನಿಗೆ ಹೋದ ಎಳೆ ಫಿದೆಯೋಸ್ ಆಯ್ತು, ವಲೆನ್ಸಿಯಾ ಕರಾವಳಿಯ ಮೀನುಗಾರರು ಅಗಲ ಬಾಣಲೆಯಲ್ಲಿ ಅಕ್ಕಿಯ ಬದಲು ಅದನ್ನೇ ಹಾಕಿ ಫಿದೆವಾ ಮಾಡಿದರು. ಸ್ಪೇನಿನಿಂದ ಮೆಕ್ಸಿಕೋಗೆ ಹೋಗಿ ಅಲ್ಲಿ ಎಣ್ಣೆಯಲ್ಲಿ ಹುರಿದು ಟೊಮೆಟೊ ಸಾರಲ್ಲಿ ಬೇಯಿಸೋ ಮನೆ ಮನೆಯ ಸೂಪ್ ಆಯ್ತು. ಹುರಿದಾಗ ಪರಿಮಳ ಬರುತ್ತೆ, ಜೊತೆಗೆ ಬೆಂದಾಗ ಮುದ್ದೆಯಾಗಲ್ಲ. ಮೆಸ್ಸಿನಲ್ಲಿ ಮಂಗಳವಾರ ಕೊಡೋ ಆ ಬಿಳಿ ಗೋಂದು ಹುರಿಯದೆ ಮಾಡಿದ ಉಪ್ಪಿಟ್ಟು ಅನ್ನೋದು ನನ್ನ ಖಚಿತ ಅಭಿಪ್ರಾಯ. ಮೆಸ್ ಕಮಿಟಿಯವರು ಓದ್ತಾ ಇದ್ರೆ, ಹತ್ತು ನಿಮಿಷ ಹುರೀರಪ್ಪ.

ಸಿಹಿಯ ಕಡೆಗೆ ಹೋದರೆ ರಂಜಾನ್ ಹಬ್ಬದ ಶೀರ್ ಖುರ್ಮಾ. ಪರ್ಷಿಯನ್ನಿನಲ್ಲಿ ಹಾಲು ಮತ್ತು ಖರ್ಜೂರ ಅಂತ ಅರ್ಥ, ಶಾವಿಗೆಯ ಹೆಸರೇ ಇಲ್ಲ, ಆದರೆ ಅದಿಲ್ಲದೆ ನಮ್ಮ ಕಡೆ ಅದು ಆಗೋದೇ ಇಲ್ಲ. ನಮ್ಮ ರೂಮ್‌ಮೇಟ್ ಕಡೆಯವರು ಅದನ್ನ ಸುರಕುಂಬಾ ಅಂತಾರೆ, ಹಾಸ್ಟೆಲಿನಲ್ಲಿ ಮೂರನೇ ಮಹಡಿಯ ಗೆಳೆಯ ಹಬ್ಬ ಮುಗಿಸಿ ಬರುವಾಗ ತರೋ ಸ್ಟೀಲ್ ಡಬ್ಬಿಗೆ ಇಡೀ ಫ್ಲೋರ್ ಕಾಯುತ್ತೆ. ಇರಾನಿನ ಶಿರಾಜ್ ಊರಿನ ಫಾಲೂದೆ ಪಿಷ್ಟದ ಎಳೆಗಳನ್ನ ಗುಲಾಬಿ ನೀರಿನ ಸಕ್ಕರೆ ಪಾಕದಲ್ಲಿ ಮಂಜು ಮಾಡಿದ್ದು. ಅದೇ ಇಲ್ಲಿಗೆ ಬಂದು ಹಾಲು, ಕಾಮಕಸ್ತೂರಿ ಬೀಜ, ಐಸ್‌ಕ್ರೀಮ್ ಎಲ್ಲಾ ಹತ್ತಿಸಿಕೊಂಡು ಗ್ಲಾಸಿನಲ್ಲಿ ನಿಂತ ಫಲೂದಾ ಆಗಿದೆ.

ಸರಿ, ಪ್ರಾಜೆಕ್ಟಿಗೆ ವಾಪಸ್ ಬರೋಣ. ಸಮಸ್ಯೆ ಎಲ್ಲಿದೆ?

ಮಲೆನಾಡಿನ ಹಳೇ ಒರಳನ್ನ ನೋಡಿದವರಿಗೆ ಗೊತ್ತು, ಅದು ಒಬ್ಬರ ಯಂತ್ರ ಅಲ್ಲ. ಒಬ್ಬರು ಸನ್ನೆ ಹಿಡಿದು ಮೈಭಾರ ಬಿಟ್ಟು ಒತ್ತಬೇಕು, ಒಬ್ಬರು ಕೆಳಗೆ ತಟ್ಟೆ ಹಿಡಿದು ತಿರುಗಿಸಬೇಕು, ಇನ್ನೊಬ್ಬರು ಒಲೆಯಿಂದ ಬಿಸಿ ಉಂಡೆ ಎತ್ತಿ ಕೊಡ್ತಾ ಇರಬೇಕು. ಹೆಚ್ಚಿನ ಮನೆಗಳಲ್ಲಿ ಒತ್ತೋ ಕೆಲಸ ಗಂಡಸರದು, ಹುಡುಗರದು. ಅಡುಗೆಮನೆಯ ಕಡೆ ತಲೆ ಹಾಕದ ದೊಡ್ಡಪ್ಪಂದಿರೂ ಅವತ್ತು ಪಂಚೆ ಎತ್ತಿ ಕಟ್ಟಿ ಬರ್ತಿದ್ದರು. ಅಂದರೆ ಆ ಯಂತ್ರದ ಡಿಸೈನಿನಲ್ಲೇ ಒಂದು ಊಹೆ ಇದೆ: ಮನೆ ತುಂಬ ಜನ ಇದ್ದಾರೆ, ಅವರಲ್ಲಿ ಇಬ್ಬರಾದರೂ ಗಟ್ಟಿ ತೋಳಿನವರು.

ಆ ಊಹೆ ಈಗ ಸುಳ್ಳಾಗಿದೆ. ನಮ್ಮೂರ ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿ ಇರೋದು ಇಬ್ಬರೇ, ಇಬ್ಬರಿಗೂ ಅರವತ್ತೈದು ದಾಟಿದೆ. ಒತ್ತಬೇಕಾದ ತೋಳುಗಳು ಬೆಂಗಳೂರಲ್ಲಿ ಕೀಬೋರ್ಡ್ ಒತ್ತುತ್ತಾ ಇವೆ. ಅಕ್ಕಿ ಇದೆ, ರುಬ್ಬೋ ಗ್ರೈಂಡರ್ ಇದೆ, ತೆಂಗಿನಕಾಯಿ ಇದೆ, ತಿನ್ನೋ ಆಸೆ ಇದೆ, ಒತ್ತೋರು ಇಲ್ಲ. ಒತ್ತು ಶಾವಿಗೆ ದೀಪಾವಳಿಗೆ ಮಕ್ಕಳು ಬಂದಾಗ ಮಾತ್ರ ಮಾಡೋ ಪದಾರ್ಥ ಆಗ್ತಾ ಬಂದಿದೆ. ಮಕ್ಕಳಿಗೂ ರಜೆ ಎರಡೇ ದಿನ.

ಈ ಜಾಗಕ್ಕೆ ಬಂದ ಕೂಡಲೇ ನಮ್ಮ ಮ್ಯಾಗಜಿನ್‌ಗಳಲ್ಲಿ ಒಂದು ಮಾಮೂಲಿ ಲೇಖನ ಶುರುವಾಗುತ್ತೆ. "ಅಜ್ಜಿಯ ಕೈರುಚಿ ಮರೆಯಾಗುತ್ತಿದೆ, ಎಲ್ಲಿ ಹೋದವು ಆ ದಿನಗಳು." ನನಗೆ ಇಂಥ ಬರಹ ಓದಿದರೆ ಸಿಟ್ಟು ಬರುತ್ತೆ. ಅಜ್ಜಿಯ ಕೈರುಚಿ ಅನ್ನೋರು ಅಜ್ಜಿಯ ಭುಜ ನೋವಿನ ಬಗ್ಗೆ ಯಾಕೆ ಒಂದು ಸಾಲೂ ಬರೆಯಲ್ಲ? ಉತ್ತರ ಕರ್ನಾಟಕದ ಮಣೆಯ ಮೇಲೆ ಮಧ್ಯಾಹ್ನವಿಡೀ ಅಂಗೈ ಉಜ್ಜಿದ ಹೆಣ್ಣುಮಕ್ಕಳು ಊರಿಗೆ ಹಿಟ್ಟಿನ ಶಾವಿಗೆ ಮಷಿನ್ ಬಂದ ದಿನ ಅತ್ತಿಲ್ಲ, ಹಿಟ್ಟಿನ ಡಬ್ಬಿ ಎತ್ತಿಕೊಂಡು ಸಾಲಿನಲ್ಲಿ ನಿಂತರು. ಸರಿಯಾಗೇ ಮಾಡಿದರು. ಗೋಧಿ ಶಾವಿಗೆ ಇವತ್ತೂ ಬದುಕಿರೋದಕ್ಕೆ ಆ ಮಷಿನ್ ಒಂದು ಮುಖ್ಯ ಕಾರಣ.

ಅಕ್ಕಿಗೆ ಆ ಭಾಗ್ಯ ಇನ್ನೂ ಸರಿಯಾಗಿ ಬಂದಿಲ್ಲ. ಮಾರ್ಕೆಟ್ಟಲ್ಲಿ ಏನೂ ಇಲ್ಲ ಅಂತಲ್ಲ. ತಿರುಪು ಇರೋ ಸ್ಟೀಲಿನ, ಹಿತ್ತಾಳೆಯ ಕೈ ಅಚ್ಚುಗಳಿವೆ, ಚಕ್ಕುಲಿಗೂ ಅದೇ. ಒಂದು ಸಲಕ್ಕೆ ಎರಡು ಉಂಡೆ ಹಿಡಿಯುತ್ತೆ, ತಿರುಗಿಸಿ ತಿರುಗಿಸಿ ಮಣಿಕಟ್ಟು ಬಿದ್ದುಹೋಗುತ್ತೆ. ಕೇಟರಿಂಗ್‌ನವರ ದೊಡ್ಡ ಮೋಟಾರ್ ಯಂತ್ರಗಳಿವೆ, ಅವನ್ನ ಇಬ್ಬರೇ ಇರೋ ಮನೆಗೆ ತಂದು ಇಡೋಕಾಗಲ್ಲ, ತೊಳೆಯೋಕಂತೂ ಆಗಲ್ಲ. ಇವೆರಡರ ಮಧ್ಯದ ಜಾಗ ಖಾಲಿ ಬಿದ್ದಿದೆ.

ಒಂದು ಅಂದಾಜು ಲೆಕ್ಕ ಹಾಕೋಣ. ಸಿಲಿಂಡರಿನ ಒಳವ್ಯಾಸ 5 ಸೆಂಟಿಮೀಟರ್ ಅಂದ್ಕೊಳ್ಳಿ. ಪಿಸ್ಟನ್ ಮುಖ ಸುಮಾರು 20 ಚದರ ಸೆಂಟಿಮೀಟರ್. ಸನ್ನೆಯ ತುದಿಯಲ್ಲಿ 25 ಕೆಜಿ ಭಾರ ಬಿಟ್ಟು, ಸನ್ನೆ ಅದನ್ನ ನಾಲ್ಕು ಪಟ್ಟು ಮಾಡಿದರೆ ಪಿಸ್ಟನ್ ಮೇಲೆ 100 ಕೆಜಿ. ಅಂದರೆ ಚದರ ಸೆಂಟಿಮೀಟರಿಗೆ 5 ಕೆಜಿ, ಹತ್ತಿರ ಹತ್ತಿರ 5 ವಾತಾವರಣದ ಒತ್ತಡ. ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರೋ ಹೆಚ್ಚುವರಿ ಒತ್ತಡ ಸುಮಾರು 1. ಅಜ್ಜಿ ಕುಕ್ಕರಿನ ಐದು ಪಟ್ಟು ಒತ್ತಡವನ್ನ ಭುಜದಲ್ಲಿ ಹುಟ್ಟಿಸ್ತಾರೆ ಅಂತಾಯ್ತು.

ಎಳೆ ತೆಳ್ಳಗೆ ಬೇಕು ಅಂದರೆ ಇನ್ನೂ ಕಷ್ಟ. ಫ್ಲೂಯಿಡ್ ಮೆಕ್ಯಾನಿಕ್ಸಿನಲ್ಲಿ ಓದಿದ ಪೊಯ್ಸೆಯ ಸೂತ್ರ ನೆನಪಿದೆಯಾ? ತೂತಿನ ವ್ಯಾಸ ಅರ್ಧ ಮಾಡಿದರೆ ಅದೇ ಒತ್ತಡಕ್ಕೆ ಒಂದು ತೂತಿನ ಹರಿವು ಹದಿನಾರನೇ ಒಂದು ಭಾಗಕ್ಕೆ ಬೀಳುತ್ತೆ. ಅಷ್ಟೇ ಜಾಗದಲ್ಲಿ ನಾಲ್ಕು ಪಟ್ಟು ತೂತು ಕೊರೆದರೂ ಒಟ್ಟು ಹರಿವು ಕಾಲು ಭಾಗ. ಹಿಟ್ಟು ನೀರಿನ ಥರ ಸಭ್ಯವಾಗಿ ನಡ್ಕೊಳ್ಳಲ್ಲ, ಜೋರಾಗಿ ಒತ್ತಿದಷ್ಟೂ ಸಡಿಲ ಆಗುತ್ತೆ, ಹಾಗಾಗಿ ಲೆಕ್ಕ ಇಷ್ಟು ನೇರ ಇರಲ್ಲ. ಆದರೆ ಎಳೆ ತೆಳ್ಳಗಾದಷ್ಟೂ ತೋಳಿಗೆ ಕೆಲಸ ಜಾಸ್ತಿ ಅನ್ನೋದು ಎಲ್ಲಾ ಕಡೆ ನಿಜ. ಪ್ರಪಂಚದಲ್ಲಿ ಎಲ್ಲೆಡೆ ಸಣ್ಣ ಎಳೆ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಜಾತ್ರೆಗೆ ಸೇರಿಕೊಂಡಿರೋದು ಇದಕ್ಕೇ ಇರಬಹುದು ಅಂತ ನನ್ನ ಗುಮಾನಿ. ದಿನಾ ಯಾರು ಒತ್ತುತ್ತಾರೆ?

"ಇದರಲ್ಲಿ ನಾವೆಲ್ಟಿ ಏನಿದೆ?" ಅಂತ ಗೈಡ್‌ಗಳು ಕೇಳ್ತಾರೆ, ಗೊತ್ತು. ಉಂಡೆಯ ಒಳಗೆ ಥರ್ಮೋಕಪಲ್ ಇಟ್ಟು ಎಷ್ಟು ಡಿಗ್ರಿಯ ಕೆಳಗೆ ಒತ್ತೋಕೆ ಬೇಕಾದ ಬಲ ಏರುತ್ತೆ ಅಂತ ಒಂದು ಕರ್ವ್ ಹಾಕಿ ನೋಡಿ. ಯಾವ ಅಕ್ಕಿಗೆ ಎಷ್ಟು, ಎಷ್ಟು ನೀರಿಗೆ ಎಷ್ಟು. ಸಿಲಿಂಡರಿಗೆ ಬಿಸಿ ನೀರಿನ ಹೊದಿಕೆ ಕೊಟ್ಟರೆ ಅವಸರ ಎಷ್ಟು ಕಡಿಮೆ ಆಗುತ್ತೆ. ತೂತಿನ ಒಳಬಾಯಿಯನ್ನ ಶಂಕುವಿನ ಹಾಗೆ ಕೊರೆದರೆ ಬಲ ಇಳಿಯುತ್ತಾ. ಡೈ ಹಿತ್ತಾಳೆಯದಾದರೆ ಏನು, ಟೆಫ್ಲಾನ್ ಹಾಕಿದರೆ ಏನು. ಇಟಲಿಯ ಪಾಸ್ತಾದವರು ಈ ಎರಡರ ಬಗ್ಗೆ ಇವತ್ತಿಗೂ ಜಗಳ ಆಡ್ತಾರೆ. ಕಂಚಿನ ಡೈನಲ್ಲಿ ಬಂದ ಎಳೆ ಒರಟು, ಸಾಸು ಹಿಡ್ಕೊಳ್ಳುತ್ತೆ. ಟೆಫ್ಲಾನಿನದು ನುಣುಪು, ಜಾರುತ್ತೆ. ಕಾಯಿಹಾಲಿಗೆ ಯಾವುದು ವಾಸಿ? ಉತ್ತರ ಯಾವ ಜರ್ನಲ್ಲಿನಲ್ಲಿ ಹುಡುಕಬೇಕೋ ನಾನರಿಯೆ, ನಮ್ಮ ಲ್ಯಾಬಿನ ಯುನಿವರ್ಸಲ್ ಟೆಸ್ಟಿಂಗ್ ಮಷಿನ್ನಿನಲ್ಲಿ ಒಂದು ವಾರದಲ್ಲಿ ಸಿಗುತ್ತೆ. ಆ ಮಷಿನ್ ವರ್ಷಕ್ಕೊಂದು ಕಬ್ಬಿಣದ ಸರಳು ಹರಿದು ಸುಮ್ಮನೆ ನಿಂತಿರುತ್ತೆ.

ಆಮೇಲೆ, ಈ ಥರದ ಕೆಲಸಕ್ಕೆ ಕೈ ಹಾಕಿದ ದೊಡ್ಡವರ ಪಟ್ಟಿಯೇನೂ ಚಿಕ್ಕದಲ್ಲ. ಮುಂದೆ ಅಮೆರಿಕದ ಅಧ್ಯಕ್ಷ ಆದ ಥಾಮಸ್ ಜೆಫರ್ಸನ್ 1787ರ ಸುಮಾರಿಗೆ ಮ್ಯಾಕರೋನಿ ಒತ್ತೋ ಯಂತ್ರದ ಚಿತ್ರ ಬರೆದು ಟಿಪ್ಪಣಿ ಮಾಡಿಟ್ಟ. ಆ ಹಾಳೆ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಪಿಸ್ಟನ್, ತಿರುಪು, ತೂತಿನ ತಟ್ಟೆ. ನೋಡಿದರೆ ನಮ್ಮ ಅಟ್ಟದಿಂದ ಇಳಿಸಿದ ಹಾಗೇ ಇದೆ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಎಳೆಗಳನ್ನ ಎಣ್ಣೆಯಲ್ಲಿ ಕರಿದು ನೀರು ಓಡಿಸಿ ಮೊದಲ ಇನ್‌ಸ್ಟಂಟ್ ರಾಮೆನ್ ಮಾರಿದ. ಅದೇ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪಾಸ್ತಾ ಕಂಪನಿ ಶಾವಿಗೆ ಚೂರು ಬೆರೆಸಿದ ಅಕ್ಕಿಯ ಪ್ಯಾಕೆಟ್ ಬಿಟ್ಟಿತು, ರೈಸ್-ಅ-ರೋನಿ ಅಂತ. ಅದರ ಮೂಲ ಆ ಮನೆತನದ ಸೊಸೆ, ತಾನು ಬಾಡಿಗೆಗಿದ್ದ ಮನೆಯ ಒಡತಿ ಪೈಲಾಡ್ಜೊ ಕಾಪ್ತಾನಿಯನ್ ಎಂಬ ಅರ್ಮೇನಿಯನ್ ಹೆಂಗಸಿನಿಂದ ಕಲಿತ ಪಿಲಾಫ್. ಮನೆಯೊಡತಿಯ ಪಕ್ಕ ನಿಂತು ನೋಡಿ ಕಲಿಯೋ ತಾಳ್ಮೆ ಯಾರಿಗೋ ಇತ್ತು.

ಯಂತ್ರ ಬಂದರೆ ಸಂಸ್ಕೃತಿ ಹೋಗುತ್ತೆ ಅನ್ನೋರಿಗೆ ಒಂದು ಮಾತು. ಒರಳೇ ಯಂತ್ರ. ಚಾವುಂಡರಾಯ ಬರೆದಿದ್ದೂ ಯಂತ್ರದ ಬಗ್ಗೆಯೇ. ಜಪಾನಿನವರು ಈ ಜಗಳವನ್ನ ಚೆನ್ನಾಗಿ ಬಗೆಹರಿಸಿದ್ದಾರೆ. ಅವರ ಸೋಮೆನ್ ಅನ್ನೋ ಗೋಧಿ ಎಳೆಗೆ ಸರ್ಕಾರಿ ಮಾನದಂಡ ಇದೆ. ಮಷಿನ್ನಿನದಾದರೆ ವ್ಯಾಸ 1.3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಾತ್ರ ಸೋಮೆನ್. ಅಲ್ಲಿಂದ 1.7ರ ತನಕ ಹಿಯಾಮುಗಿ, ಅದಕ್ಕೂ ದಪ್ಪ ಆದರೆ ಉದೊನ್. ಎಣ್ಣೆ ಸವರಿ ಕೈಯಲ್ಲಿ ಎಳೆದದ್ದಕ್ಕೆ ತೆನೊಬೆ ಅಂತ ಬೇರೆಯೇ ಹೆಸರು, ಬೇರೆಯೇ ಮಾನದಂಡ, ಜಾಸ್ತಿ ಬೆಲೆ. ಎರಡೂ ಅಂಗಡಿಯಲ್ಲಿ ಪಕ್ಕ ಪಕ್ಕ ಕೂತಿರುತ್ತೆ. ಕೈಯದು ಬೇಕಾದೋರು ದುಡ್ಡು ಕೊಟ್ಟು ತಗೋತಾರೆ, ಮಾಡಿದವರಿಗೂ ಕೂಲಿ ಹುಟ್ಟುತ್ತೆ. ನಮ್ಮಲ್ಲಿ ಕೈಯಲ್ಲಿ ಒತ್ತಿದ ಶಾವಿಗೆಗೆ ಬೆಲೆ ಕೊಡಲ್ಲ, ಬರೀ ಹೊಗಳಿಕೆ ಕೊಡ್ತೀವಿ.

ನಾನಂತೂ ಈ ವರ್ಷ ಶುರು ಮಾಡ್ತಿದ್ದೀನಿ. ಮೆಕ್ಯಾನಿಕಲ್‌ನವರು ಇಬ್ಬರಿದ್ದೀವಿ, ರೂಮ್‌ಮೇಟ್ ಕೊನೆಗೂ "ಮಣಿ ಬಗ್ಗೆನೂ ಒಂದು ಚಾಪ್ಟರ್ ಬರೀಬೇಕು" ಅನ್ನೋ ಷರತ್ತಿನ ಮೇಲೆ ಒಪ್ಪಿದ್ದಾನೆ. ಎಲೆಕ್ಟ್ರಿಕಲ್‌ನವರು ಒಬ್ಬರು ಬೇಕು. ಮೋಟಾರು ಮಿಕ್ಸಿಯ ಪ್ಲಗ್ಗಿನಲ್ಲಿ ನಡೀಬೇಕು, ಕರೆಂಟ್ ಹೋದರೆ ಕೈಯಲ್ಲೂ ಒತ್ತೋ ಹಾಗಿರಬೇಕು, ಯಾಕಂದ್ರೆ ಮಳೆಗಾಲದ ಮಲೆನಾಡಿನಲ್ಲಿ ಕರೆಂಟನ್ನ ನಂಬಿ ಯಾರೂ ಅಕ್ಕಿ ನೆನೆಸಲ್ಲ. ಒಬ್ಬರೇ ಕೂತು ಒತ್ತೋ ಹಾಗಿರಬೇಕು. ಬಿಚ್ಚಿ ತೊಳೆಯೋಕೆ ಸ್ಪ್ಯಾನರ್ ಬೇಕಾಗಬಾರದು.

ಉಳಿದವರಿಂದ ಒಂದು ಸಹಾಯ ಬೇಕು. ದಸರಾ ರಜೆಗೆ ಊರಿಗೆ ಹೋದಾಗ ಮನೆಯಲ್ಲೋ ಅಕ್ಕಪಕ್ಕದಲ್ಲೋ ಒರಳು, ಅಚ್ಚು, ಮಣೆ ಏನಿದ್ದರೂ ಅಳತೆ ತಗೊಂಡು ಬನ್ನಿ. ಸಿಲಿಂಡರಿನ ಒಳವ್ಯಾಸ, ತೂತು ಎಷ್ಟು, ತೂತಿನ ವ್ಯಾಸ (ವರ್ನಿಯರ್ ಇಲ್ಲದಿದ್ದರೆ ಯಾವ ಸೈಜಿನ ಸೂಜಿ ಹೋಗುತ್ತೆ ಅಂತಾದರೂ ನೋಡಿ), ತಟ್ಟೆಯ ದಪ್ಪ, ಸನ್ನೆಯ ಉದ್ದ. ಯಾವ ಅಕ್ಕಿ ಹಾಕ್ತಾರೆ, ಎಷ್ಟು ಹೊತ್ತು ನೆನೆಸ್ತಾರೆ ಅನ್ನೋದನ್ನೂ ಕೇಳಿ. ಕೊನೇ ಸಲ ಯಾವಾಗ ಒತ್ತಿದ್ದು ಅನ್ನೋದನ್ನೂ ಬರ್ಕೊಳ್ಳಿ. ಕನ್ನಡ ಸಂಘದ ರೂಮಿನ ನೋಟಿಸ್ ಬೋರ್ಡಿನಲ್ಲಿ ಖಾಲಿ ಟೇಬಲ್ ಇರೋ ಹಾಳೆ ಅಂಟಿಸಿದ್ದೀನಿ. ಮೊದಲ ಸಾಲು ನಮ್ಮ ಮನೆಯದು: ತೂತು 61, ಕೊನೇ ಸಲ ಒತ್ತಿದ್ದು ಹೋದ ದೀಪಾವಳಿ.